ಏಳನೇ ರೂಮಿನ ಹೊಸ್ತಿಲು

ಶಾಲೆಯ ಮಕ್ಕಳು ಬಂದು ನಮ್ಮ ರೂಮುಗಳ ಬಾಗಿಲಿಗೆ ಅಲಂಕಾರ ಕಟ್ಟುತ್ತಾರೆ ಎಂದು ಮ್ಯಾನೇಜರ್ ಗಿರೀಶ ಹೇಳಿದಾಗ ನನಗೆ ಮೈ ಉರಿಯಿತು. ವೃದ್ಧಾಶ್ರಮಕ್ಕೆ ಬರುವ ಪುಣ್ಯವಂತರನ್ನು ಈ ಎರಡು ವರ್ಷದಲ್ಲಿ ಸಾಕಷ್ಟು ನೋಡಿದ್ದೇನೆ. ಯಾರದೋ ಹುಟ್ಟುಹಬ್ಬಕ್ಕೆ ನಮಗೆ ಕೇಕು, ಯಾರದೋ ತಿಥಿಗೆ ನಮಗೆ ಪಾಯಸ. ಹಲ್ಲಿಲ್ಲದ ಬಾಯಿಗೆ ಚಕ್ಕುಲಿ ಕೊಟ್ಟು ಫೋಟೋಗೆ ನಗಿ ಅನ್ನುತ್ತಾರೆ. ಈಗ ಬಾಗಿಲಿನ ಸರದಿ ಬಂತು ಅಂದುಕೊಂಡೆ.

“ಬಾಕ್ಲಿಗೆ ಬಣ್ಣ ಕಟ್ಬುಟ್ರೆ ಒಳಗಿರೋರು ಎದ್ದು ಕುಣಿತಾರಾ?” ಎಂದು ಕೇಳಿದೆ.

“ಕುಣೀಲೇಬೇಕು ಅಂತ ರೂಲ್ಸಿಲ್ಲ ಕಣ್ ಕೆಂಪಣ್ಣೋರೆ. ಬೈಯ್ದೆ ಕೂತಿದ್ರೆ ಸಾಕು,” ಎಂದು ಗಿರೀಶ ನಕ್ಕ. ಒಳ್ಳೆಯ ಹುಡುಗ, ಆದರೆ ಯಾವಾಗಲೂ ಕೈಯಲ್ಲಿ ಫೋನು.

ನಾನು ಪಾಲಹಳ್ಳಿಯವನು. ನಲವತ್ತು ವರ್ಷ ನೀರುಗಂಟಿಯಾಗಿದ್ದೆ. ತೂಬು ತಿರುಗಿಸಿ ಕಾಲುವೆಯ ನೀರನ್ನು ಒಬ್ಬೊಬ್ಬರ ಗದ್ದೆಗೆ ಸರದಿಯಂತೆ ಬಿಡುವ ಕೆಲಸ. ಜಗಳವಾಡುವುದು ಆ ಕೆಲಸದಲ್ಲೇ ಅಭ್ಯಾಸವಾಯಿತು. ಈಗ ಎಪ್ಪತ್ತೆಂಟು. ನನ್ನ ಹೆಂಡತಿ ಬೆಟ್ಟಮ್ಮನಿಗೆ ಎಪ್ಪತ್ತೆರಡು. ನಾಲ್ಕು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತಳು, ಆಮೇಲೆ ಬೀದಿಯ ದಾರಿ ಮರೆತಳು, ಕೊನೆಗೆ ನನ್ನನ್ನು. ಮಗಳು ಪ್ರಮೀಳಾ ಕೆ.ಆರ್. ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದಾಳೆ. ತನ್ನ ಎರಡು ಕೋಣೆಯ ಮನೆಯಲ್ಲಿ ಎರಡು ವರ್ಷ ನಮ್ಮನ್ನು ಇಟ್ಟುಕೊಂಡು ನೋಡಿಕೊಂಡಳು. ಅವಳು ಅಂಗಡಿಗೆ ಹೋಗಿದ್ದಾಗ, ನಾನು ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ, ಬೆಟ್ಟಮ್ಮ ಮೂರು ಸಲ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಮೂರನೇ ಸಲ ನಾಗಮಂಗಲದ ಬಸ್ಸು ಹತ್ತಿಯೇಬಿಟ್ಟಿದ್ದಳು. ಅದಾದ ಮೇಲೆ ನಾನೇ ಮಗಳಿಗೆ ಹೇಳಿ ಇಬ್ಬರೂ ಪಾಂಡವಪುರದಾಚೆಯ ಈ ಆಶ್ರಮಕ್ಕೆ ಬಂದೆವು. ತಿಂಗಳ ಎರಡನೇ ಭಾನುವಾರ ಪ್ರಮೀಳಾ ಬರುತ್ತಾಳೆ. ತಾಯಿಯ ಕೈಗೆ ಹೊಸ ಬಳೆ ತೊಡಿಸಿ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಾ ಕಣ್ಣೊರೆಸಿಕೊಂಡು ಹೋಗುತ್ತಾಳೆ.

ಇಲ್ಲಿ ಹನ್ನೆರಡು ರೂಮುಗಳಿವೆ. ಒಂದೇ ಉದ್ದನೆಯ ವರಾಂಡ, ಒಂದೇ ಬಗೆಯ ನೀಲಿ ಬಾಗಿಲು, ಒಂದೇ ಬಿಳಿ ಟೈಲ್ಸು. ನಮ್ಮದು ಏಳನೇ ನಂಬರು. ಬೆಟ್ಟಮ್ಮನಿಗೆ ಎಲ್ಲ ರೂಮೂ ಒಂದೇ. ಒಂದು ದಿನ ಪುಟ್ಟತಾಯಮ್ಮನ ಹಾಸಿಗೆಯಲ್ಲಿ ಮಲಗಿರುತ್ತಾಳೆ, ಇನ್ನೊಂದು ದಿನ ಯಾರದೋ ಬೀರು ತೆಗೆದು ಅವರ ಸೀರೆ ಮಡಿಸುತ್ತಿರುತ್ತಾಳೆ. ಬೈಸಿಕೊಳ್ಳುವುದು ನಾನು. ಮಂಡಿ ನೋವು ಕಟ್ಟಿಕೊಂಡು ಅವಳ ಹಿಂದೆ ಹಿಂದೆ ತಿರುಗಿ ಕರೆದುಕೊಂಡು ಬರುತ್ತಿದ್ದೆ.

ಈ ತಿಂಗಳ ಮೊದಲ ವಾರ ನಾನು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವಳು ಎಂಟನೇ ರೂಮಿಗೆ ಹೋದಳು. ಅಲ್ಲಿ ಮರಿಯಯ್ಯ ಇದ್ದಾನೆ. ಎದ್ದು ಕೂರಲಾರದವನು, ಉಚ್ಚೆಗೆ ನಳಿಕೆ ಹಾಕಿದ್ದಾರೆ. ಮಂಚಕ್ಕೆ ಯಾವುದೋ ಬಳ್ಳಿ ಸುತ್ತಿಕೊಂಡಿದೆ ಅಂದುಕೊಂಡಳೋ ಏನೋ, ಅದನ್ನು ಹಿಡಿದು ಎಳೆದುಬಿಟ್ಟಳು. ರಕ್ತ ಬಂತು. ಅವನನ್ನು ಆಸ್ಪತ್ರೆಗೆ ಸಾಗಿಸಿ ನಾಲ್ಕು ದಿನ ಇಟ್ಟುಕೊಂಡರು.

ಅವತ್ತು ಸಂಜೆ ಗಿರೀಶ ಫೋನನ್ನು ಜೇಬಿಗಿಟ್ಟು ನನ್ನ ಪಕ್ಕ ಕೂತ. ಅದೇ ನನಗೆ ಮೊದಲ ಭಯ.

“ಮೈಸೂರಲ್ಲಿ ಇಂಥೋರಿಗೇ ಅಂತ ಒಂದ್ ಜಾಗ ಅದೆ ಕೆಂಪಣ್ಣೋರೆ. ಗೇಟಿಗೆ ಬೀಗ ಇರುತ್ತೆ, ನರ್ಸಮ್ಮದೀರು ಅವ್ರೆ. ಚೆನ್ನಾಗಿ ನೋಡ್ಕತ್ತಾರೆ. ಆದ್ರೆ ಅದು ಹೆಂಗಸ್ರಿಗೆ ಮಾತ್ರ.”

“ಮತ್ ನಾನು?”

“ನೀವು ಇಲ್ಲೇ ಇರಿ. ಈ ತಿಂಗಳ ಕೊನೆವರ್ಗೂ ನೋಡಾನ. ಇನ್ನೊಬ್ರ ರೂಮಿಗೆ ನುಗ್ಗೋದು ನಿಲ್ಲಿಲ್ಲ ಅಂದ್ರೆ ನನ್ ಕೈಲಿ ಏನೂ ಇಲ್ಲ.”

ಅವಳಿಗೆ ನಿನ್ನ ಗುರುತೇ ಇಲ್ಲ, ಎಲ್ಲಿದ್ದರೇನು ಎಂದು ಯಾರಾದರೂ ಕೇಳಬಹುದು. ಕೇಳಲಿ, ಅವರ ಹಲ್ಲು ಉದುರಿಸುತ್ತೇನೆ. ಒಂದು ದಿನ ಅವಳಿಗೆ ನಾನು ಅವಳ ಅಣ್ಣ, ಒಂದು ದಿನ ಬಸ್ ಕಂಡಕ್ಟರು, ಒಂದು ದಿನ ಯಾರೂ ಅಲ್ಲ. ಆದರೆ ತುತ್ತು ಮಾಡಿ ಕೊಟ್ಟರೆ ತಿನ್ನುತ್ತಾಳೆ, ಪಕ್ಕ ಕೂತು ಕೈ ಹಿಡಿದರೆ ಬಿಡಿಸಿಕೊಳ್ಳುವುದಿಲ್ಲ. ನನಗೆ ಉಳಿದಿದ್ದು ಇಷ್ಟೇ. ಇದನ್ನೂ ಮೈಸೂರಿಗೆ ಕಳಿಸಿ ನಾನು ಈ ನೀಲಿ ಬಾಗಿಲಿನ ಹಿಂದೆ ಒಬ್ಬನೇ ಕೂರಬೇಕಂತೆ.

ಮುಂದಿನ ಶನಿವಾರ ಮಕ್ಕಳು ವ್ಯಾನಿನಲ್ಲಿ ಬಂದರು. ಹನ್ನೆರಡು ಬಾಗಿಲಿಗೆ ಹನ್ನೆರಡು ಮಕ್ಕಳು. ಅವರ ಹೇಮಶ್ರೀ ಟೀಚರು ವರಾಂಡದಲ್ಲಿ ನಿಂತು, ಆ ಬಾಗಿಲಿನ ಅಜ್ಜ ಅಜ್ಜಿಗೆ ಏನು ಇಷ್ಟವೋ ಕೇಳಿಕೊಂಡು ಅದನ್ನೇ ಕೈಯಾರೆ ಮಾಡಬೇಕು, ಅದನ್ನು ನೋಡಿದ ಕೂಡಲೇ ಇದು ನನ್ನ ರೂಮು ಅಂತ ಅವರಿಗೆ ಗೊತ್ತಾಗಬೇಕು ಎಂದರು. ಬೀಡಿ ಹಚ್ಚಲು ಹೊರಟಿದ್ದವನು ಅಲ್ಲೇ ನಿಂತೆ. ಈ ಮಾತು ನನ್ನ ಕಿವಿಗೆಂದೇ ಬಿದ್ದ ಹಾಗಿತ್ತು.

ಏಳನೇ ನಂಬರಿಗೆ ಬಂದವಳು ಅಂಬಿಕ. ಆರನೇ ಕ್ಲಾಸು, ಊರು ಬಿಂಡಿಗನವಿಲೆ, ಪಾಂಡವಪುರದ ಹಾಸ್ಟೆಲಿನಲ್ಲಿದ್ದಾಳೆ. ಎರಡು ಜಡೆ, ಪೆನ್ನಿನ ಮಸಿ ಮೆತ್ತಿದ ಬೆರಳು.

“ತಾತ, ಅಜ್ಜೀಗೆ ಏನಿಷ್ಟ?”

“ಊರ್ ಸುತ್ತೋದು,” ಎಂದೆ. ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ನನಗೆ ನಾಚಿಕೆಯಾಯಿತು. ಅವಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ನೋಡಮ್ಮಿ, ಅವ್ಳಿಗೆ ನಮ್ ರೂಮ್ ಗೊತ್ತಾಗ್ದೆ ಇದ್ರೆ ಈ ತಿಂಗಳ ಕೊನೆಗೆ ಮೈಸೂರಿಗೆ ಕಳುಸ್ಬುಡ್ತಾರೆ. ನಾನ್ ಒಬ್ನೇ ಆಯ್ತೀನಿ. ನೀನ್ ಮಾಡೋದು ಚೆಂದಾಗಿಲ್ದೆ ಇದ್ರೂ ಚಿಂತಿಲ್ಲ, ಅವ್ಳಿಗೆ ಕಾಣ್ಬೇಕು.”

ಹುಡುಗಿ, “ಮಾಡ್ತೀನಿ ಬುಡಿ,” ಎಂದಳು. ಪುಸ್ತಕದಲ್ಲಿ ಬರೆದಿದ್ದನ್ನು ಗೀಚಿ ಹಾಕಿದಳು.

ಎರಡನೇ ಶನಿವಾರ ಎಲ್ಲ ಬಾಗಿಲಿಗೂ ಅಲಂಕಾರ ಬಂತು. ಮರಿಯಯ್ಯನ ಬಾಗಿಲಿಗೆ ರೇಷ್ಮೆಗೂಡು ಪೋಣಿಸಿದ ಸರ, ಪುಟ್ಟತಾಯಮ್ಮನ ಬಾಗಿಲಿಗೆ ರಟ್ಟಿನಲ್ಲಿ ಕತ್ತರಿಸಿದ ಸೀಮೆಹಸು. ಬೈದುಕೊಂಡು ಬಂದಿದ್ದರೂ ಹೇಳಬೇಕು, ವರಾಂಡ ಕಳೆಗಟ್ಟಿತ್ತು. ಅಂಬಿಕ ಊರಿನಿಂದ ಕುರಿ ಉಣ್ಣೆ ತರಿಸಿ, ಕೆಂಪು ಹಸಿರು ಬಣ್ಣ ಹಾಕಿ, ಕುಚ್ಚು ಕಟ್ಟಿ, ಒಡೆದ ಬಳೆಚೂರು ಸೇರಿಸಿ ತೋರಣ ಮಾಡಿದ್ದಳು. ಸ್ಟೂಲಿನ ಮೇಲೆ ಹತ್ತಿ ನಾನೇ ಬಾಗಿಲ ನೆತ್ತಿಗೆ ಕಟ್ಟಿದೆ. ಬೆಟ್ಟಮ್ಮನನ್ನು ವರಾಂಡದ ಆ ಕೊನೆಯಿಂದ ನಡೆಸಿಕೊಂಡು ಬಂದು, ಆರನೇ ಬಾಗಿಲ ಹತ್ತಿರ ಕೈಬಿಟ್ಟೆವು. ಅವಳು ತೋರಣದ ಮುಂದೆಯೇ ಹಾದು, ನಮ್ಮ ಬಾಗಿಲನ್ನು ದಾಟಿ, ಸೀದಾ ಮರಿಯಯ್ಯನ ರೂಮಿನೊಳಕ್ಕೆ ಹೋದಳು.

“ಅಯ್ಯೋ, ಬಂದ್ಳು ಹಿಡ್ಕಳ್ರೋ!” ಎಂದು ಮರಿಯಯ್ಯ ಒಳಗಿಂದ ಕೂಗಿದ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ಮೂರನೇ ಶನಿವಾರ ಅಂಬಿಕ ತೋರಣವನ್ನು ಬಿಚ್ಚಿ ಬಾಗಿಲಿನ ಸೊಂಟದ ಮಟ್ಟಕ್ಕೆ ಇಳಿಸಿದಳು. ಪ್ರಯೋಜನವಾಗಲಿಲ್ಲ. ನಲವತ್ತು ವರ್ಷ ನಾಟಿ ಹಾಕಿದ ಬೆನ್ನು ಬೆಟ್ಟಮ್ಮನದು, ನಡುವಿನಲ್ಲೇ ಮುರಿದ ಹಾಗೆ ಬಾಗಿದೆ. ಅವಳಿಗೆ ಕಾಣುವುದು ನೆಲ, ತನ್ನ ಎರಡು ಪಾದ. ಅದನ್ನು ತಿಳಿದ ಹುಡುಗಿ ಸೀಮೆಸುಣ್ಣ ತಂದು ನೆಲದ ಮೇಲೆ ಹೂವು ಬರೆದಳು. ಬೆಟ್ಟಮ್ಮ ನಿಂತಳು. ಅವಳು ಕುಕ್ಕರಗಾಲಲ್ಲಿ ಕೂತು, ಯಾರು ಇಲ್ಲಿ ಗಲೀಜು ಮಾಡಿದವರು ಎಂದು ಗೊಣಗುತ್ತಾ, ಸೆರಗಿನಿಂದ ಹೂವನ್ನೆಲ್ಲ ಒರೆಸಿ ಮುಂದೆ ಹೋದಳು.

ಅಂಬಿಕಳ ಮುಖ ಸಣ್ಣದಾಯಿತು. ಇಬ್ಬರೂ ಬೆಟ್ಟಮ್ಮನ ಹಿಂದೆ ಹೋದೆವು. ವರಾಂಡ ಮುಗಿದ ಮೇಲೆ ಅಡುಗೆಮನೆ. ಈ ಆಶ್ರಮ ಮೊದಲು ಯಾರೋ ಸಾಹುಕಾರರ ಮನೆಯಾಗಿತ್ತು. ರೂಮುಗಳೆಲ್ಲ ಆಮೇಲೆ ಕಟ್ಟಿದವು, ಅಡುಗೆಮನೆ ಮಾತ್ರ ಹಳೆಯದು. ಅದರ ಬಾಗಿಲಿಗೆ ಮರದ ಹೊಸ್ತಿಲು ಇದೆ, ಸವೆದು ನಡುವೆ ಗುಳಿ ಬಿದ್ದಿದೆ. ಬೆಟ್ಟಮ್ಮ ಅದರ ಮುಂದೆ ನಿಂತಳು. ಬಗ್ಗಿ ಹೊಸ್ತಿಲನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡಳು. ಒಳಗೆ ಇಣುಕಿ ನೋಡಿ, ಇದು ತನ್ನ ಮನೆಯಲ್ಲ ಅನ್ನಿಸಿರಬೇಕು, ಹಾಗೇ ಹಿಂದಕ್ಕೆ ತಿರುಗಿದಳು.

“ತಾತ, ನಿಮ್ ರೂಮ್ ತಾವ ಅಜ್ಜಿ ಇಂಗ್ಯಾಕ್ ಮುಟ್ಟಿ ನಮಸ್ಕಾರ ಮಾಡಲ್ಲ?”

“ಅಲ್ಲಿ ಒಸ್ಲೆಲ್ಲೈತೆ ಮುಟ್ಟಕ್ಕೆ? ಗಾಲಿ ಕುರ್ಚಿ ಓಡಾಡ್ಲಿ ಅಂತ ಎಲ್ಲಾ ಸಪಾಟ್ ಮಾಡವ್ರೆ,” ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು. ಹೊಸ್ತಿಲಿಲ್ಲದ್ದು ಅವಳ ಲೆಕ್ಕದಲ್ಲಿ ಬಾಗಿಲೇ ಅಲ್ಲ. ಅವಳು ಯಾರ ರೂಮಿಗೂ ನುಗ್ಗುತ್ತಿರಲಿಲ್ಲ, ಬರೀ ಬೀದಿಯಲ್ಲಿ ನಡೆಯುತ್ತಿದ್ದಳು. ಮನೆ ಎಲ್ಲಿ ಶುರುವಾಗುತ್ತದೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಅಂಬಿಕ ಆಗಲೇ ಪುಸ್ತಕ ತೆಗೆದಿದ್ದಳು. “ನಾನು ಒಸ್ಲು ಮಾಡ್ತೀನಿ. ಗಾಡಿ ಓಡಾಡೋ ಹಂಗೆ ತೆಳ್ಳಗೆ. ನಿಮ್ಮನೆ ಒಸ್ಲು ಮ್ಯಾಲೆ ಏನ್ ರಂಗೋಲಿ ಇತ್ತು, ಹೇಳಿ ತಾತ.”

ಮದುವೆಯಾಗಿ ಐವತ್ತಮೂರು ವರ್ಷ. ಮರೆವು ಬರುವವರೆಗೂ ಪ್ರತಿ ಬೆಳಿಗ್ಗೆ ಅವಳು ಹೊಸ್ತಿಲು ತೊಳೆದಿದ್ದಾಳೆ, ಶುಕ್ರವಾರ ಕೆಮ್ಮಣ್ಣು ಬಳಿದು ಅರಿಸಿನ ಹಚ್ಚಿದ್ದಾಳೆ, ಏನೋ ಬರೆದಿದ್ದಾಳೆ. ಕಾಲುವೆಯ ಕೆಸರು ಕಾಲಿನಲ್ಲಿ ನಾನು ಅದನ್ನು ದಾಟಿಕೊಂಡು ಒಳಗೆ ಹೋಗಿದ್ದೇನೆ. ಒಂದು ದಿನವಾದರೂ ಕೆಳಗೆ ನೋಡಿದ್ದರೆ ಕೇಳಿ. ಯಾರ ಗದ್ದೆಗೆ ಎಷ್ಟು ಬೆರಳು ನೀರು ಹರಿಯಿತೆಂದು ಈಗಲೂ ಹೇಳಬಲ್ಲೆ, ನನ್ನ ಮನೆಯ ಹೊಸ್ತಿಲ ಮೇಲೆ ಏನಿತ್ತೆಂದು ಹೇಳಲಾರೆ.

“ಗೊತ್ತಿಲ್ಲ ಕಣಮ್ಮಿ,” ಎಂದೆ.

“ಪರ್ವಾಗಿಲ್ಲ, ಅಜ್ಜೀನೇ ಕೇಳಾನ,” ಎಂದಳು. ಮರೆವಿನವಳನ್ನು ಕೇಳಿ ಏನು ಸಿಗುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ.

ನಾಲ್ಕನೇ ಶನಿವಾರಕ್ಕೆ ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಗಿರೀಶ ಬೆಟ್ಟಮ್ಮನ ಆಧಾರ್ ಕಾರ್ಡು, ಮಾತ್ರೆ ಚೀಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿ ಇಟ್ಟಿದ್ದ. ಅಂಬಿಕ ವ್ಯಾನಿನಿಂದ ಇಳಿದವಳೇ ಒಂದು ಉದ್ದನೆಯ ಸುರುಳಿ ಬಿಚ್ಚಿದಳು. ಗೋಣಿಚೀಲವನ್ನು ಬಾಗಿಲಿನ ಅಗಲಕ್ಕೆ ಕತ್ತರಿಸಿ, ಹೊಲಿದು, ಮೈದಾ ಅಂಟು ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿದ್ದರು. ಎರಡು ತುದಿಗೆ ಅರಿಸಿನದ ಹಳದಿ. ಹಾಸ್ಟೆಲಿನ ಆರು ಹುಡುಗಿಯರು ಕೂತು ಮಾಡಿದ್ದಂತೆ. ದೂರದಿಂದ ನೋಡಿದರೆ ಮರದ ಹೊಸ್ತಿಲೇ, ಕಾಲಿಟ್ಟರೆ ಚಾಪೆಯಷ್ಟು ತೆಳು.

ಅದನ್ನು ಬೆಟ್ಟಮ್ಮನ ಮುಂದೆ ಹಾಸಿ, ತೆಂಗಿನ ಚಿಪ್ಪಿನಲ್ಲಿ ಬಿಳಿ ಬಣ್ಣ ಕೊಟ್ಟು ಅಂಬಿಕ, “ಅಜ್ಜಿ, ಒಸ್ಲು ಬರ್ಕೊಡಿ. ಹೊತ್ತಾಯ್ತು,” ಎಂದಳು. ಅಷ್ಟೇ ಹೇಳಿದ್ದು. ಬೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಬೆರಳು ಅದ್ದಿ ಅಂಚಿಗೆ ಎರಡು ಗೆರೆ ಎಳೆದಳು, ಎಳ್ಳಷ್ಟೂ ಸೊಟ್ಟಗಾಗಲಿಲ್ಲ. ಗೆರೆಗಳ ನಡುವೆ ಒಂದು ಬಳ್ಳಿ, ಬಳ್ಳಿಗೆ ಸಣ್ಣ ಸಣ್ಣ ಎಲೆ, ನಡುಮಧ್ಯೆ ಎಂಟು ಎಸಳಿನ ಹೂವು. ಒಂದು ಸಲವೂ ಕೈ ತಡೆಯಲಿಲ್ಲ. ನಾನು ಐವತ್ತಮೂರು ವರ್ಷದಲ್ಲಿ ಮೊದಲ ಸಲ ಅದನ್ನು ನೋಡಿದೆ.

ಬಣ್ಣ ಆರಿದ ಮೇಲೆ ಅದನ್ನು ಏಳನೇ ಬಾಗಿಲಿನ ಕೆಳಗೆ ಗೋಂದು ಹಚ್ಚಿ ಅಂಟಿಸಿದೆವು. ಗಿರೀಶ ಬೆಟ್ಟಮ್ಮನನ್ನು ವರಾಂಡದ ಆ ತುದಿಯ ಊಟದ ಕೋಣೆಯಾಚೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ನಾವೆಲ್ಲ ವರಾಂಡದ ಗೋಡೆಗೆ ಒತ್ತಿಕೊಂಡು ನಿಂತೆವು. ಅವಳು ನೆಲ ನೋಡುತ್ತಾ ಬಂದಳು. ನಾಲ್ಕು, ಐದು, ಆರು. ಏಳರ ಮುಂದೆ ನಿಂತಳು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲನ್ನು ಎತ್ತಿ, ಇಲ್ಲದ ಎತ್ತರವನ್ನು ದಾಟಿ ಒಳಗೆ ಹೋದಳು. ಹೋಗಿ ತನ್ನ ಮಂಚದ ಮೇಲೆ ಕೂತು ಉಸ್ಸೆಂದಳು.

ಗಿರೀಶ ಇನ್ನೂ ಎರಡು ಸಲ ಪರೀಕ್ಷೆ ಮಾಡಿದ. ಎರಡು ಸಲವೂ ಅವಳು ತಾನಾಗಿಯೇ ಬಂದಳು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. “ಮೈಸೂರಿಗೆ ಫೋನ್ ಮಾಡಿ ಬ್ಯಾಡ ಅಂತೀನಿ ಬುಡಿ,” ಎಂದು ಗಿರೀಶ ಕವರನ್ನು ನನ್ನ ಕೈಗೇ ಕೊಟ್ಟ. ನಾನು ಎಲ್ಲರೆದುರಿಗೂ ಅತ್ತೆ, ನಾಚಿಕೆಪಡಲಿಲ್ಲ. ಅಂಬಿಕಳ ತಲೆಯ ಮೇಲೆ ಕೈಯಿಟ್ಟೆ. ಅವಳು ಜಡೆ ಕೆದರಿತೆಂದು ತಲೆ ಸರಿಸಿಕೊಂಡು ಓಡಿ ವ್ಯಾನು ಹತ್ತಿದಳು.

ಮಕ್ಕಳು ಹೋದ ಮೇಲೆ ನಾನು ಗೇಟಿನ ಹತ್ತಿರ ಬೀಡಿ ಸೇದಿ, ಮುಖ ತೊಳೆದುಕೊಂಡು ಬಂದೆ. ಐದು ಗಂಟೆ ಇರಬಹುದು. ಅವಳ ಪಕ್ಕ ಕೂತು ಕೈ ಹಿಡಿದುಕೊಳ್ಳಬೇಕು ಅನ್ನಿಸಿತ್ತು. ನಮ್ಮ ಬಾಗಿಲಿಗೆ ಕಾಲಿಟ್ಟೆ.

“ಯಾರದು? ಅಲ್ಲೇ ನಿಂತ್ಕಳಿ!”

ಬೆಟ್ಟಮ್ಮ ಮಂಚದಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ಸೆರಗು ಹೊದ್ದುಕೊಂಡಿದ್ದಳು. ಆ ದನಿಯನ್ನು ನಾನು ನಾಲ್ಕು ವರ್ಷದಿಂದ ಕೇಳಿರಲಿಲ್ಲ. ಅದು ಮನೆಯೊಡತಿಯ ದನಿ.

“ನಾನು ಕಣೆ,” ಎಂದೆ.

“ಯಾರಾರ ಆಗಿ. ನಮ್ಮೋರು ಮನೇಲಿಲ್ಲ. ಗಂಡ್ಸಿಲ್ದಿರೋ ಮನೆ ಒಸ್ಲು ಇಂಗ್ ದಾಟ್ಕಂಡ್ ಬರಾದಾ? ಈಚೆ ಕೂತ್ಕಳಿ, ಬತ್ತಾರೆ.”

ನಿನ್ನೆಯವರೆಗೆ ಅವಳು ಬೀದಿಯಲ್ಲಿದ್ದಳು. ಬೀದಿಯಲ್ಲಿ ಯಾರು ಯಾರ ಪಕ್ಕ ಬೇಕಾದರೂ ಕೂರಬಹುದು, ಅಣ್ಣನೋ ಕಂಡಕ್ಟರೋ ಯಾರೋ ಒಬ್ಬ. ಇವತ್ತು ಅವಳು ಮನೆ ಸೇರಿದ್ದಾಳೆ. ಮನೆ ಸೇರಿದ ಮೇಲೆ ನಾನು ಹೊರಗಿನವನು. ನಾನು ಇನ್ನೊಂದು ಹೆಜ್ಜೆ ಇಟ್ಟಾಗ ಅವಳು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಹೆದರಿದ್ದಳು. ನನ್ನನ್ನು ಕಂಡು ಹೆದರಿದ್ದಳು. ಹಿಂದಕ್ಕೆ ಸರಿದು, ವರಾಂಡದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಲೋಟದಲ್ಲಿ ನೀರು ತಂದಳು. ಹೊಸ್ತಿಲ ಮೇಲಿಂದ ಕೊಡಬಾರದಲ್ಲ, ಅದಕ್ಕೆ ಹೊರಗೆ ಬಂದು, ಮುಖ ಆ ಕಡೆ ತಿರುಗಿಸಿಕೊಂಡು ಲೋಟವನ್ನು ನನ್ನ ಪಕ್ಕ ಇಟ್ಟು ಒಳಗೆ ಹೋದಳು. ನಾನು ನೀರು ಕುಡಿದೆ. ಬಗ್ಗಿ ಲೋಟ ಇಡುವಾಗ ನನ್ನ ಬೆರಳು ಗೋಣಿಯ ಅಂಚಿಗೆ ತಾಗಿತು. ಗೋಂದು ಇನ್ನೂ ಹಸಿ. ಒಂದು ಎಳೆತಕ್ಕೆ ಕಿತ್ತು ಬರುತ್ತಿತ್ತು. ಕಿತ್ತರೆ ಈಗಲೇ ಒಳಗೆ ಹೋಗಿ ಅವಳ ಪಕ್ಕ ಕೂರಬಹುದು. ಎರಡು ದಿನ ಕೂರಬಹುದು, ಆಮೇಲೆ ಮೈಸೂರು. ಅಂಚನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿದೆ, ಇನ್ನೂ ಗಟ್ಟಿಯಾಗಿ ಒತ್ತಿದೆ.

ಆ ಕಡೆಯಿಂದ ಗಿರೀಶ ಬಂದ. ನೋಡಿದ, ಅವನಿಗೆ ಅರ್ಥವಾಯಿತು. ಫೋನನ್ನು ಜೇಬಿಗಿಟ್ಟು, “ಮರಿಯಯ್ಯನ ರೂಮಲ್ಲಿ ಒಂದ್ ಮಂಚ ಹಾಕುಸ್ತೀನಿ ಕೆಂಪಣ್ಣೋರೆ,” ಎಂದು ಮೆಲ್ಲಗೆ ಹೇಳಿ ಹೋದ.

ಬಿಸಿಲು ವರಾಂಡದಿಂದ ಇಳಿದು ಅಂಗಳಕ್ಕೆ ಹೋಯಿತು. ಬೆಟ್ಟಮ್ಮ ಒಳಗೆ ಹೊಸ್ತಿಲ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ಹೊರಗೆ ನೋಡುತ್ತಿದ್ದಳು. ಆಗಾಗ ನನ್ನ ಕಡೆ ನೋಡುತ್ತಿದ್ದಳು. ಕೊನೆಗೆ ಅವಳಿಗೇ ಕನಿಕರ ಹುಟ್ಟಿರಬೇಕು.

“ಅವ್ರು ಬರೋದು ಎಷ್ಟೊತ್ತಾಗುತ್ತೋ. ನೀವು ಮನೆಗೋಗಿ. ನಿಮ್ ಹೆಂಡ್ರು ಕಾಯ್ತಿರ್ತಾಳೆ.”

“ಕಾಯ್ತಾಳಾ?” ಎಂದೆ.

“ಕಾಯ್ದೆ ಏನು? ನಾನ್ ಕಾಯ್ತಿಲ್ವಾ?” ಎಂದಳು.

ಎದ್ದು ಕುರ್ಚಿಯನ್ನು ಅವಳಿಗೆ ಕಾಣದ ಹಾಗೆ ಗೋಡೆಯ ಈ ಪಕ್ಕಕ್ಕೆ ಸರಿಸಿಕೊಂಡು ಕೂತೆ.